ಮನೆಯೇ ಮೊದಲ ಸಂಗೀತ ಶಾಲೆ

ಕರ್ನಾಟಕ ಸಂಗೀತ ಕಲಿಯಲು ಕುಳಿತ ಮಗು ಮೈಸೂರಿನದಾಗಿರಲಿ, ತಂಜಾವೂರಿನದಾಗಿರಲಿ, ಸಾಮಾನ್ಯವಾಗಿ ಮೊದಲು ಹಾಡುವುದು ಮಾಯಾಮಾಳವಗೌಳ ರಾಗದ ಸರಳೆ ವರಸೆಯನ್ನು. ಈ ಪಾಠಕ್ರಮವನ್ನು ರೂಪಿಸಿದವರು ಪುರಂದರದಾಸರು (1484–1564) ಎಂದು ಸಂಪ್ರದಾಯ ಹೇಳುತ್ತದೆ. ಅವರು ‘ಕರ್ನಾಟಕ ಸಂಗೀತ ಪಿತಾಮಹ’ ಎನಿಸಿಕೊಂಡಿರುವುದಕ್ಕೆ ಕೀರ್ತನೆಗಳಷ್ಟೇ ಈ ಬಾಲಪಾಠಗಳೂ ಕಾರಣ.

ಇಷ್ಟೊಂದು ರಾಗಗಳಿರುವಾಗ ಮಾಯಾಮಾಳವಗೌಳವೇ ಏಕೆ? ಅದರ ಸ್ವರಗಳ ಜೋಡಣೆಯನ್ನು ನೋಡಿದರೆ ಉತ್ತರ ಸಿಗುತ್ತದೆ. ಷಡ್ಜದ ಪಕ್ಕದಲ್ಲೇ ರಿಷಭ. ಅಲ್ಲಿಂದ ಗಾಂಧಾರಕ್ಕೆ ದೊಡ್ಡ ಹೆಜ್ಜೆ. ಗಾಂಧಾರಕ್ಕೆ ಒತ್ತಿಕೊಂಡೇ ಮಧ್ಯಮ. ಪಂಚಮದಿಂದ ಮೇಲಿನ ಷಡ್ಜದವರೆಗೂ ಇದೇ ಅಂತರಗಳು ಮರುಕಳಿಸುತ್ತವೆ. ಕೆಳಗಿನ ಅರ್ಧವನ್ನು ಕಲಿತ ಮಗುವಿಗೆ ಮೇಲಿನ ಅರ್ಧ ಅಪರಿಚಿತವಲ್ಲ. ಹತ್ತಿರದ ಸ್ವರ ಯಾವುದು, ದೂರದ್ದು ಯಾವುದು ಎಂಬುದೂ ಕಿವಿಗೆ ತಾನಾಗಿ ತಿಳಿಯುತ್ತದೆ.

ತಾಳದ ಹೊಂದಾಣಿಕೆಯೂ ಅಷ್ಟೇ ಸರಳ. ಆದಿತಾಳಕ್ಕೆ ಎಂಟು ಅಕ್ಷರ. ಏರುವ ಸ್ವರಗಳೂ ಮೇಲಿನ ಷಡ್ಜ ಸೇರಿ ಎಂಟು. ಪೆಟ್ಟಿಗೊಂದು ಸ್ವರ. ಅದೇ ಪಾಠವನ್ನು ಎರಡನೆಯ ಕಾಲದಲ್ಲಿ ಹಾಡಿದರೆ ಪೆಟ್ಟಿಗೆ ಎರಡು, ಮೂರನೆಯ ಕಾಲದಲ್ಲಿ ನಾಲ್ಕು. ಜಂಟಿ ವರಸೆಯಲ್ಲಿ ಸ್ವರಗಳು ಜೋಡಿಯಾಗುತ್ತವೆ. ಅಲಂಕಾರಗಳಲ್ಲಿ ಏಳು ತಾಳಗಳ ಪರಿಚಯವಾಗುತ್ತದೆ. ಬಳಿಕ ಬರುವುದು ಮಲಹರಿ ರಾಗದ ಪಿಳ್ಳಾರಿ ಗೀತೆಗಳು. ಇದು ಮಾಯಾಮಾಳವಗೌಳದಿಂದಲೇ ಹುಟ್ಟಿದ ರಾಗವಾದ್ದರಿಂದ ಸ್ವರಸ್ಥಾನಗಳು ಬದಲಾಗುವುದಿಲ್ಲ. ಹೊಸದಾಗಿ ಸೇರುವುದು ಸಾಹಿತ್ಯ ಮಾತ್ರ. ಒಂದು ಹೆಜ್ಜೆಯಲ್ಲಿ ಒಂದೇ ಹೊಸ ಕಷ್ಟ ಎಂಬುದು ಈ ಕ್ರಮದ ಗುಟ್ಟು.

ಇಂಥ ಪಾಠಕ್ಕೆ ಪುಸ್ತಕ ಬೇಕಿರಲಿಲ್ಲ. ಒಬ್ಬರು ಹೇಳಿಕೊಡುವುದು, ಇನ್ನೊಬ್ಬರು ಹಾಗೆಯೇ ತಿರುಗಿ ಹಾಡುವುದು. ವೀಣೆಯಿದ್ದ ಮನೆಗಳಲ್ಲಿ ಬಾಯಲ್ಲಿ ಹಾಡಿದ ಸ್ವರವನ್ನೇ ಬೆರಳು ಮೆಟ್ಟಿಲ ಮೇಲೆ ಹುಡುಕುತ್ತಿತ್ತು. 1905ರಲ್ಲಿ ಎಟ್ಟಯಾಪುರದ ಸುಬ್ಬರಾಮ ದೀಕ್ಷಿತರು ತೆಲುಗಿನಲ್ಲಿ ‘ಪ್ರಥಮಾಭ್ಯಾಸ ಪುಸ್ತಕಮು’ ಪ್ರಕಟಿಸಿದರು. ಇಂಥ ಪುಸ್ತಕಗಳು ಬಂದ ಮೇಲೂ ಬಾಯಿಪಾಠದ ಪದ್ಧತಿ ಅಳಿಯಲಿಲ್ಲ.

ಈ ಪರಂಪರೆಯನ್ನು ಉಳಿಸಿದವರಲ್ಲಿ ವಿದ್ವಾಂಸರಷ್ಟೇ ಇಲ್ಲ. ಹೆಣ್ಣುಮಕ್ಕಳು ಕಚೇರಿಗೆ ಕೂರುವುದನ್ನು ಒಪ್ಪದ ಎಷ್ಟೋ ಮನೆಗಳಲ್ಲೂ ಅವರಿಗೆ ಹಾಡು, ವೀಣೆ, ಹಾರ್ಮೋನಿಯಂ ಕಲಿಸುತ್ತಿದ್ದರು. ವೇದಿಕೆ ಏರಲು ಅವಕಾಶವಿಲ್ಲದ ಆ ಹೆಂಗಸರು ಕಲಿತದ್ದನ್ನು ಮಕ್ಕಳಿಗೆ, ಮೊಮ್ಮಕ್ಕಳಿಗೆ ದಾಟಿಸಿದರು. ಅವರ ಹೆಸರು ಸಂಗೀತದ ಇತಿಹಾಸದಲ್ಲಿ ದಾಖಲಾಗಲಿಲ್ಲ; ಅವರ ಪಾಠ ಮಾತ್ರ ನಿಲ್ಲಲಿಲ್ಲ.

ಇಂದು ಸಂಗೀತ ಪಾಠ ಬಹುಮಟ್ಟಿಗೆ ತರಗತಿಗೆ ಹೋಗಿದೆ. ಮೊಬೈಲಿನಲ್ಲೇ ಶ್ರುತಿ ಸಿಗುತ್ತದೆ. ಇವು ಅನುಕೂಲಗಳೇ. ಆದರೆ ವಾರಕ್ಕೆ ಒಂದೆರಡು ಗಂಟೆಯ ತರಗತಿಯಿಂದ ಸ್ವರ ಗಂಟಲಿಗೆ ಇಳಿಯುವುದು ಕಷ್ಟ. ಅದಕ್ಕೆ ಮನೆಯಲ್ಲಿ ದಿನವೂ ಜೊತೆಗೂಡಿ ಹಾಡುವವರು ಬೇಕು. ಅವರು ವಿದ್ವಾಂಸರೇ ಆಗಬೇಕಿಲ್ಲ. ಮಗು ಸರಳೆ ಹಾಡುವಾಗ ಪಕ್ಕದಲ್ಲಿ ಕುಳಿತು ತೊಡೆಯ ಮೇಲೆ ಎಂಟು ಎಣಿಸುತ್ತ ತಾಳ ಹಾಕಲು ಬಂದರೆ ಸಾಕು. ಅಷ್ಟು ಮಾಡುವ ತಂದೆತಾಯಿ ತಾವೂ ಸ್ವಲ್ಪ ಸಂಗೀತ ಕಲಿತಿರುತ್ತಾರೆ.