ಕೊನೇ ಸೀಸನ್ನೇ ಮೊದಲು ಬಂತು: ಸಕಲೇಶಪುರ, ಆಲೂರಿನ ಗುಡ್ಡಗಳಿಗೆ ಮಾಲ್ಗುಡಿ ತಲುಪಿದ ಕಥೆ

ಇವತ್ತಿನ ಸಂಚಿಕೆ ಒಂದು ಧಾರಾವಾಹಿಯ ಬಗ್ಗೆ. ಹೆಸರು ಹೇಳಿದ ತಕ್ಷಣ ನಿಮ್ಮಲ್ಲಿ ಅರ್ಧ ಜನರ ಕಿವಿಯಲ್ಲಿ ಅದರ ಸಂಗೀತ ಶುರುವಾಗಿಬಿಡುತ್ತೆ. ಹೌದು, ಮಾಲ್ಗುಡಿ ಡೇಸ್.

ಶಂಕರ್ ನಾಗ್ ಹುಟ್ಟಿದ್ದು ನವೆಂಬರ್ 9, ತೀರಿಕೊಂಡಿದ್ದು ಸೆಪ್ಟೆಂಬರ್ 30. ಪ್ರತಿ ವರ್ಷ ಈ ಎರಡು ದಿನ ಫೋನ್ ತೆಗೆದ್ರೆ ಎಲ್ಲೆಲ್ಲೂ ಮಾಲ್ಗುಡಿಯ ನೆನಪು. ಆಗ ಇಡೀ ದೇಶವೇ ಟಿವಿ ಮುಂದೆ ಕೂತಿತ್ತು ಅಂತ ಜನ ಬರೀತಾರೆ. ಈ "ಇಡೀ ದೇಶ" ಅನ್ನೋ ಮಾತನ್ನ ಇವತ್ತು ಸ್ವಲ್ಪ ನಿಧಾನವಾಗಿ ನೋಡೋಣ. ಯಾಕಂದ್ರೆ ಸಕಲೇಶಪುರ, ಆಲೂರು ಕಡೆ ಗುಡ್ಡಗಳ ಸಂದಿಯಲ್ಲಿರೋ ಎಷ್ಟೋ ಮನೆಗಳು ಆ ಇಡೀ ದೇಶದೊಳಗೆ ಇರ್ಲಿಲ್ಲ. ನಮ್ಮದೂ ಅಂಥದ್ದೇ ಒಂದು ಮನೆ. ನಮಗೆ ಮಾಲ್ಗುಡಿ ಬಂದಿದ್ದು ಸುಮಾರು 20 ವರ್ಷ ತಡವಾಗಿ. ಬಂದಾಗಲೂ ಮೊದಲು ಬಂದಿದ್ದು ಅದರ ಕೊನೇ ಸೀಸನ್ನು. ಇದು ಹೇಗಾಯ್ತು ಅನ್ನೋದೇ ಇವತ್ತಿನ ಇತಿಹಾಸ.

ಮೊದಲು ಗೊತ್ತಿಲ್ಲದವರಿಗೆ ಎರಡು ಮಾತು. ಆರ್.ಕೆ. ನಾರಾಯಣ್ ಅವರ ಕಥೆ, ಕಾದಂಬರಿಗಳನ್ನ ಇಟ್ಕೊಂಡು ಶಂಕರ್ ನಾಗ್ 1980ರ ದಶಕದಲ್ಲಿ ದೂರದರ್ಶನಕ್ಕೆ ಮಾಡಿದ ಧಾರಾವಾಹಿ ಇದು. ನಿರ್ಮಾಪಕರು ಟಿ.ಎಸ್. ನರಸಿಂಹನ್. ಸಂಗೀತ ಎಲ್. ವೈದ್ಯನಾಥನ್ ಅವರದು. ರೇಖಾಚಿತ್ರಗಳು ನಾರಾಯಣ್ ಅವರ ತಮ್ಮ ಆರ್.ಕೆ. ಲಕ್ಷ್ಮಣ್ ಅವರವು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಅನಂತ್ ನಾಗ್ ಇದ್ದಾರೆ, ಒಂದು ಕಂತಿನಲ್ಲಿ ವಿಷ್ಣುವರ್ಧನ್ ಕೂಡ ಇದ್ದಾರೆ. ಚಿತ್ರೀಕರಣದ ಮುಖ್ಯ ಜಾಗ ಆಗುಂಬೆ. ರೈಲ್ವೆ ಸ್ಟೇಷನ್ ದೃಶ್ಯಗಳಿಗೆ ಶಿವಮೊಗ್ಗ ಜಿಲ್ಲೆಯ ಅರಸಾಳು. ಶಂಕರ್ ಒಟ್ಟು 39 ಕಂತು ಮಾಡಿದ್ರು. 1990ರಲ್ಲಿ ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅಪಘಾತವಾಗಿ ಹೋಗಿಬಿಟ್ರು. ಆಗ ಅವರಿಗೆ ಇನ್ನೂ 36 ತುಂಬಿರಲಿಲ್ಲ.

ಈಗ ನಮ್ಮ ಜಿಲ್ಲೆಗೆ ಬರೋಣ. ಇಲ್ಲೊಂದು ವಿಚಿತ್ರ ಇದೆ. ದೂರದರ್ಶನದ ಚಿತ್ರ ದೇಶದ ಮೂಲೆಮೂಲೆಗೆ ಹೋಗೋದಕ್ಕೆ ಸಾಧ್ಯವಾಗಿದ್ದು ಇನ್ಸಾಟ್ ಉಪಗ್ರಹಗಳಿಂದ. ಮೊದಲನೇದು, ಇನ್ಸಾಟ್-1ಎ, 1982ರ ಏಪ್ರಿಲ್‌ನಲ್ಲಿ ಹೋಯ್ತು, ಕೆಲವೇ ತಿಂಗಳಲ್ಲಿ ಕೈಕೊಟ್ಟಿತು. ಎರಡನೇದು, ಇನ್ಸಾಟ್-1ಬಿ, 1983ರ ಆಗಸ್ಟ್ 30ಕ್ಕೆ ಅಮೆರಿಕದ ಚಾಲೆಂಜರ್ ನೌಕೆಯಲ್ಲಿ ಹೋಗಿ ಕೆಲಸ ಶುರು ಮಾಡಿತು. 1984ರಲ್ಲಿ ಕೆಲವು ತಿಂಗಳು ದಿನಕ್ಕೊಂದರಂತೆ ಟಿವಿ ಪ್ರಸಾರ ಕೇಂದ್ರಗಳು ಶುರುವಾದವು ಅಂತಾರಲ್ಲ, ಅದರ ಹಿಂದೆ ಇದ್ದಿದ್ದು ಈ ಉಪಗ್ರಹ. ಇದನ್ನ ಕೂತು ನಿಯಂತ್ರಿಸ್ತಾ ಇದ್ದಿದ್ದು ಎಲ್ಲಿಂದ ಗೊತ್ತಾ? ಹಾಸನದಿಂದ. ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಇರೋದು ಹಾಸನದಲ್ಲೇ.

ಹಾಸನದಿಂದ ಸಕಲೇಶಪುರ ಸುಮಾರು 40 ಕಿಲೋಮೀಟರ್. ಆಲೂರು ಇನ್ನೂ ಹತ್ತಿರ. ಅಂದ್ರೆ ದೇಶಕ್ಕೆಲ್ಲ ಚಿತ್ರ ಹಂಚೋ ಉಪಗ್ರಹದ ಲಗಾಮು ಇದ್ದಿದ್ದು ನಮ್ಮ ಪಕ್ಕದಲ್ಲಿ. ನಮ್ಮ ಮನೆ ಟಿವಿಯಲ್ಲಿ ಮಾತ್ರ ಬರೀ ಚುಕ್ಕೆ.

ಕಾರಣ ಸರಳ. ಆಗ ಉಪಗ್ರಹದ ಚಿತ್ರ ಸೀದಾ ಮನೆಗೆ ಬರ್ತಾ ಇರ್ಲಿಲ್ಲ. ಮೊದಲು ನೆಲದ ಮೇಲಿನ ಪ್ರಸಾರ ಕೇಂದ್ರಕ್ಕೆ ಇಳೀಬೇಕು. ಅಲ್ಲಿನ ಗೋಪುರದಿಂದ ಮನೆ ಹೆಂಚಿನ ಮೇಲಿರೋ ಆಂಟೆನಾಗೆ ಬರಬೇಕು. ಈ ಕೊನೇ ದಾರಿಯಲ್ಲಿ ಟಿವಿ ತರಂಗ ಹೆಚ್ಚುಕಮ್ಮಿ ಬೆಳಕಿನ ಹಾಗೆ ನೇರಕ್ಕೆ ಹೋಗುತ್ತೆ. ಬಯಲುಸೀಮೆಯಲ್ಲಿ ತೊಂದರೆ ಇಲ್ಲ. ನಮ್ಮ ಕಡೆ ಒಂದು ಗುಡ್ಡ ಅಡ್ಡ ಬಂದ್ರೆ ಅದರ ಹಿಂದಿನ ಕಣಿವೆ ಪೂರ್ತಿ ನೆರಳು. ದಿಣ್ಣೆ ಮೇಲಿನ ಮನೆಗೆ ಚಿತ್ರ ಬಂದ್ರೆ ಕೆಳಗೆ ಹಳ್ಳದ ಪಕ್ಕದ ಮನೆಗೆ ಇಲ್ಲ. ಉದ್ದದ ಬಿದಿರು ಗಳಕ್ಕೆ ಆಂಟೆನಾ ಕಟ್ಟಿ, ಬೂಸ್ಟರ್ ಹಾಕಿ, ಒಬ್ಬರು ಹೊರಗೆ ತಿರುಗಿಸ್ತಾ ಇನ್ನೊಬ್ಬರು ಒಳಗಿಂದ "ಬಂತು, ಬಂತು, ಅಯ್ಯೋ ಹೋಯ್ತು" ಅಂತ ಕೂಗೋದು ಮಲೆನಾಡಿನವರಿಗೆ ಯಾರೂ ವಿವರಿಸಬೇಕಾಗಿಲ್ಲ. ಜೂನ್‌ನಲ್ಲಿ ಮಳೆ ಹಿಡಿದ್ರೆ ಆ ಗಳವೂ ಇಲ್ಲ, ಕರೆಂಟೂ ಇಲ್ಲ.

ಸರಿ, 1990ರ ದಶಕದಲ್ಲಿ ಕೇಬಲ್ ಬಂತಲ್ಲ ಅಂತೀರಿ. ಬಂತು, ಪೇಟೆಗೆ ಬಂತು. ನಾನು ಓದಿರೋದು ಬಿಕಾಂ, ಹಾಗಾಗಿ ಈ ಲೆಕ್ಕ ಬೇಗ ಅರ್ಥವಾಗುತ್ತೆ. ಕೇಬಲ್ ನಡೆಸೋನಿಗೆ ಒಂದು ಬೀದಿಗೆ ತಂತಿ ಎಳೆದ್ರೆ 40, 50 ಮನೆ ಸಿಗಬೇಕು. ಕಾಫಿ ಸೀಮೆಯಲ್ಲಿ ಮನೆಗಳು ಬೀದಿಯಾಗಿ ಇರೋದಿಲ್ಲ. ತೋಟಕ್ಕೊಂದು ಮನೆ, ಆಮೇಲೆ ಒಂದು ಕಿಲೋಮೀಟರ್ ಸಿಲ್ವರ್ ಓಕು, ಆಮೇಲೆ ಒಂದು ಲೈನ್‌ಮನೆ. ಅಷ್ಟು ದೂರ ತಂತಿ ಎಳೆದು ತಿಂಗಳ ಬಾಡಿಗೆ ವಸೂಲಿ ಮಾಡಿದ್ರೆ ಅವನಿಗೆ ಅಸಲೂ ಗಿಟ್ಟಲ್ಲ. ಅವನನ್ನ ಬೈದು ಪ್ರಯೋಜನ ಇಲ್ಲ.

ಹೀಗೆ ಶಂಕರ್ ನಾಗ್ ಅವರ 39 ಕಂತುಗಳು ಬಂದು, ಮರುಪ್ರಸಾರ ಆಗಿ, ಪೇಟೆಯವರ ನೆನಪಾಗಿ ಕೂತವು. ನಮ್ಮ ಕಣಿವೆ ಕಾಯ್ತಾನೇ ಇತ್ತು.

ತಿರುವು ಬಂದಿದ್ದು 2004ರ ಡಿಸೆಂಬರ್‌ನಲ್ಲಿ. ದೂರದರ್ಶನದವರು ಡಿಡಿ ಡೈರೆಕ್ಟ್ ಪ್ಲಸ್ ಅಂತ ಶುರು ಮಾಡಿದ್ರು. ಸಣ್ಣದೊಂದು ಡಿಶ್ಶು, ಒಂದು ಪೆಟ್ಟಿಗೆ. ಒಂದು ಸಲ ದುಡ್ಡು ಕೊಟ್ಟು ತಂದ್ರೆ ಆಯ್ತು, ತಿಂಗಳ ಬಾಡಿಗೆ ಇಲ್ಲ. ಇದರಲ್ಲಿ ಚಿತ್ರ ಬರೋದು ಪ್ರಸಾರ ಕೇಂದ್ರದಿಂದ ಅಲ್ಲ, ಸೀದಾ ಆಕಾಶದಿಂದ. ಗುಡ್ಡ ಎಷ್ಟೇ ಎತ್ತರ ಇರ್ಲಿ, ಉಪಗ್ರಹ ಅದಕ್ಕಿಂತ ಮೇಲೇ ಅಲ್ವಾ? ಆಗ್ನೇಯಕ್ಕೆ ಆಕಾಶ ಕಾಣೋ ಹಾಗೆ ಒಂದೆರಡು ಕೊಂಬೆ ಕಡಿದ್ರೆ ಸಾಕು. ಮೊದಲಿಗೆ ಈ ಸೇವೆ ವಿದೇಶಿ ಉಪಗ್ರಹವೊಂದರ ಮೇಲಿತ್ತು. 2007ರಲ್ಲಿ ಇನ್ಸಾಟ್-4ಬಿ ಹೋದ ಮೇಲೆ ಅದಕ್ಕೆ ಬದಲಾಯ್ತು. ಅಲ್ಲಿಗೆ ಹಾಸನದ ಲಗಾಮು ನಮ್ಮ ಹಿತ್ತಲಿಗೂ ಬಂತು ಅನ್ನಬಹುದು.

ಸರಿಯಾಗಿ ಇದೇ ಹೊತ್ತಿಗೆ ಮಾಲ್ಗುಡಿಯ ಕೊನೇ ಸೀಸನ್ ತಯಾರಾಗಿತ್ತು. ಅದೇ ನಿರ್ಮಾಪಕ ನರಸಿಂಹನ್ ಧಾರಾವಾಹಿಯನ್ನ ಮತ್ತೆ ಎತ್ತಿಕೊಂಡು, ನಿರ್ದೇಶನ ಕವಿತಾ ಲಂಕೇಶ್ ಅವರಿಗೆ ಕೊಟ್ರು. 2006ರ ಏಪ್ರಿಲ್‌ನಿಂದ ದೂರದರ್ಶನದಲ್ಲಿ ಹೊಸ 15 ಕಂತು. ಅಷ್ಟರಲ್ಲಿ ಶಂಕರ್ ಹೋಗಿ 16 ವರ್ಷ ಆಗ್ತಾ ಬಂದಿತ್ತು. 2001ರಲ್ಲಿ ನಾರಾಯಣ್ ಕೂಡ ತೀರಿಕೊಂಡಿದ್ರು. ಅಂದ್ರೆ ಬರೆದವರೂ ಇಲ್ಲ, ಮೊದಲು ತೆರೆಗೆ ತಂದವರೂ ಇಲ್ಲ. ಉಳಿದಿದ್ದು ಊರು ಮಾತ್ರ.

ಆ ಸೀಸನ್ ಬಗ್ಗೆ ಮಾತಾಡೋರು ಕಡಿಮೆ. ಮಾತಾಡಿದ್ರೂ "ಶಂಕರಣ್ಣನ ಮಾಲ್ಗುಡಿ ಥರ ಇಲ್ಲ" ಅಂತ ಮುಗಿಸಿಬಿಡ್ತಾರೆ. ಅವರ ದುಃಖ ನಂಗೆ ಅರ್ಥವಾಗುತ್ತೆ. ಬಾಲ್ಯದಲ್ಲಿ ಸ್ವಾಮಿಯನ್ನ ನೋಡಿದವರಿಗೆ ಹೊಸ ಕಂತಿನ ಪ್ರತಿ ದೃಶ್ಯದಲ್ಲೂ ಇಲ್ಲದ ಒಬ್ಬ ಮನುಷ್ಯ ಕಾಣಿಸ್ತಾನೆ. ನಮ್ಮ ಮನೆಯಲ್ಲಿ ಆ ಸಮಸ್ಯೆಯೇ ಇರ್ಲಿಲ್ಲ. ನಂಗಾಗ ಒಂಬತ್ತು ವರ್ಷ. ಹಿಂದೆ 39 ಕಂತು ಬಂದಿದೆ ಅನ್ನೋದೇ ನಮಗೆ ಗೊತ್ತಿಲ್ಲ. ಲೆಕ್ಕದ ಪುಸ್ತಕದಲ್ಲಿ ಹಿಂದಿನ ವರ್ಷದ ಕ್ಲೋಸಿಂಗ್ ಬ್ಯಾಲೆನ್ಸೇ ಈ ವರ್ಷದ ಓಪನಿಂಗ್ ಬ್ಯಾಲೆನ್ಸ್ ಆಗುತ್ತಲ್ಲ, ಹಾಗೆ ಊರಿಗೆಲ್ಲ ಮುಗಿದುಹೋಗಿದ್ದು ನಮ್ಮಲ್ಲಿ ಶುರುವಾಯ್ತು.

ನಾವು ನೋಡ್ತಾ ಇದ್ದ ರೀತಿ ಹೇಳ್ತೀನಿ. ಧಾರಾವಾಹಿ ಇದ್ದಿದ್ದು ಹಿಂದಿಯಲ್ಲಿ. ಅಜ್ಜಿಗೆ ಹಿಂದಿ ಬರಲ್ಲ. ನಮ್ಮ ದೊಡ್ಡಪ್ಪನ ಮಗಳು, ಅಕ್ಕ, ಎಂಟನೇ ಕ್ಲಾಸು, ಶಾಲೆಯಲ್ಲಿ ಹಿಂದಿ ಮೂರನೇ ಭಾಷೆ. ಅವಳೇ ನಮ್ಮ ಅನುವಾದಕಿ. "ಏನಂತೆ ಮಗ ಅವ್ನು?" ಅಂತ ಅಜ್ಜಿ ಕೇಳೋರು. ಅಕ್ಕ ಗೊತ್ತಾದ ನಾಲ್ಕು ಪದ ಹಿಡ್ಕೊಂಡು ಉಳಿದಿದ್ದನ್ನ ತಾನೇ ಕಟ್ಟಿ ಹೇಳೋಳು. ಅಜ್ಜಿ ಅದನ್ನ ಪೂರ್ತಿ ನಂಬದೆ ಮುಖ ನೋಡೇ ತೀರ್ಪು ಕೊಡೋರು: "ಇವ್ನು ಸಾಲ ತೀರಿಸೋ ಗಿರಾಕಿ ಅಲ್ಲ, ನೋಡ್ತಿರು." ತೆರೆ ಮೇಲೆ ನಿಜವಾಗಿ ಸಾಲದ ವಿಷಯ ಇತ್ತೋ ಇಲ್ವೋ ಯಾರಿಗೂ ಗೊತ್ತಿಲ್ಲ. ನಗು ಮಾತ್ರ ಸರಿಯಾದ ಜಾಗದಲ್ಲೇ ಬರ್ತಾ ಇತ್ತು.

ಇದು ಹೇಗೆ ಸಾಧ್ಯ ಆಯ್ತು ಅಂತ ಆಮೇಲೆ ಯೋಚಿಸಿದ್ದೀನಿ. ನಾರಾಯಣ್ ಅವರ ಕಥೆಯಲ್ಲಿ ಸಾಮಾನ್ಯವಾಗಿ ಖಳನಾಯಕ ಇರಲ್ಲ. ಸಣ್ಣ ಮನುಷ್ಯ, ಸಣ್ಣ ಆಸೆ, ಸಣ್ಣ ಸುಳ್ಳು. ಆ ಆಸೆ ಕೊನೆಗೆ ತಲೆಕೆಳಗಾಗುತ್ತೆ, ಅವನು ಮತ್ತೆ ತನ್ನ ಜಗಲಿಗೇ ಬಂದು ಕೂರ್ತಾನೆ. ನಗು ಬರುತ್ತೆ, ಜೊತೆಗೆ ಪಾಪ ಅನ್ನಿಸುತ್ತೆ. ಸಣ್ಣ ಕಥೆಗಳ ಕಂತಿಗೆ ಹಿಂದಿನದು ಗೊತ್ತಿರಬೇಕು ಅನ್ನೋ ನಿಯಮವೂ ಇಲ್ಲ. ತಡವಾಗಿ ಬಂದವನಿಗೂ ಜಾಗ ಇದೆ. ಇನ್ನು ಕವಿತಾ ಲಂಕೇಶ್ 1999ರಲ್ಲಿ, ತಮ್ಮ ತಂದೆ ಲಂಕೇಶರ "ಅಕ್ಕ" ಕೃತಿಯನ್ನ ಇಟ್ಕೊಂಡು "ದೇವೀರಿ" ಮಾಡಿದ್ರು. ಅದು ಕೊಳೆಗೇರಿಯ ಹುಡುಗನೊಬ್ಬನ ಕಣ್ಣಿಂದ ದೊಡ್ಡವರನ್ನ ನೋಡೋ ಸಿನಿಮಾ. ಮಾಲ್ಗುಡಿಯಂಥ ಊರಿಗೆ ಅಂಥ ಕಣ್ಣೇ ಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ. ಈಚೆಗೆ ಆ ಕೊನೇ ಕಂತುಗಳನ್ನ ಮತ್ತೆ ನೋಡಿದೆ, ಈ ಸಲ ಭಾಷೆ ಅರ್ಥ ಮಾಡ್ಕೊಂಡು. ನಗು ಹಾಗೇ ಇದೆ.

ಇನ್ನೊಂದು ಸಂಗತಿ. ಹಾಸನ-ಮಂಗಳೂರು ರೈಲು ಮಾರ್ಗ 1979ರಲ್ಲಿ ಶುರುವಾಗಿದ್ದು, 1996ರಲ್ಲಿ ಬ್ರಾಡ್‌ಗೇಜ್ ಮಾಡಬೇಕು ಅಂತ ಮುಚ್ಚಿತು. ಪ್ರಯಾಣಿಕರ ರೈಲು ಮತ್ತೆ ಘಾಟಿ ಇಳಿದಿದ್ದು 2007ರ ಡಿಸೆಂಬರ್‌ನಲ್ಲಿ. ಹಾಗಾಗಿ 2006ರಲ್ಲಿ ಮಾಲ್ಗುಡಿ ಅನ್ನೋ ರೈಲ್ವೆ ಸ್ಟೇಷನ್ ಊರನ್ನ ನೋಡ್ತಾ ಇದ್ದ ನನ್ನ ವಯಸ್ಸಿನ ಮಕ್ಕಳು ಸಕಲೇಶಪುರದಿಂದ ಘಾಟಿ ಇಳಿಯೋ ಪ್ರಯಾಣಿಕರ ರೈಲನ್ನ ಕಣ್ಣಾರೆ ಕಂಡಿರಲಿಲ್ಲ. ಟಿವಿ ಮಾತ್ರ ಅಲ್ಲ, ಗುಡ್ಡಕ್ಕೆ ಎಲ್ಲವೂ ತಡವೇ.

ಗುಡ್ಡದ ಮಾತಾಯ್ತು. ಅದರ ಹಿಂದೆ ಇನ್ನೊಂದು ಗುಡ್ಡ ಇತ್ತು, ಅದು ಭಾಷೆ. ಯೋಚನೆ ಮಾಡಿ. ಮೈಸೂರಿನಲ್ಲಿ ಬದುಕಿದ ಲೇಖಕ, ಕನ್ನಡದ ನಿರ್ದೇಶಕ, ಆಗುಂಬೆಯ ಮನೆ, ನಮ್ಮದೇ ನಟರು. ಧಾರಾವಾಹಿ ಮಾತ್ರ ಹಿಂದಿಯಲ್ಲಿ, ಮೊದಲ ಕೆಲವು ಕಂತು ಇಂಗ್ಲಿಷಿನಲ್ಲೂ. ದೆಹಲಿಯ ರಾಷ್ಟ್ರೀಯ ಪ್ರಸಾರಕ್ಕೆ ಮಾಡಿದ್ದು, ಹಾಗಾಗಿ ಅದು ಸಹಜ. ಕನ್ನಡಕ್ಕೆ ಡಬ್ ಮಾಡೋಣ ಅಂದ್ರೆ ಇಲ್ಲಿ ದಶಕಗಳಿಂದ ಡಬ್ಬಿಂಗಿಗೆ ವಿರೋಧ. ಆ ವಿರೋಧಕ್ಕೆ ಅದರದ್ದೇ ಆದ ಕಾರಣಗಳಿದ್ದವು. ಕನ್ನಡ ಚಿತ್ರರಂಗ ಚಿಕ್ಕದಿದ್ದಾಗ ಕಲಾವಿದರ, ತಂತ್ರಜ್ಞರ ಕೆಲಸ ಉಳಿಸೋ ಪ್ರಶ್ನೆ ಅದು. ಬೆಲೆ ತೆತ್ತವರಲ್ಲಿ ನಮ್ಮ ಅಜ್ಜಿಯಂಥವರೂ ಇದ್ದರು ಅನ್ನೋದೂ ಅಷ್ಟೇ ನಿಜ. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯೋದು ಸರಿಯಲ್ಲ ಅಂತ ಆದೇಶ ಕೊಟ್ಟಿತು. 2020ರ ಲಾಕ್‌ಡೌನ್ ಹೊತ್ತಲ್ಲಿ ಜೀ ಕನ್ನಡದಲ್ಲಿ ಮಾಲ್ಗುಡಿ ಡೇಸ್ ಕನ್ನಡ ಮಾತಾಡಿತು.

ಆಗಷ್ಟೇ ನಮ್ಮ ಅಜ್ಜಿ ಸ್ವಾಮಿಯನ್ನ ನೋಡಿದ್ದು. ಶಂಕರ್ ನಾಗ್ ಅವರ ಕಂತು, ಇಡೀ ದೇಶ ನೋಡಿತ್ತು ಅಂತಾರಲ್ಲ, ಅದು. ಪೂರ್ತಿ ನೋಡಿ, ಎಲೆ ಅಡಿಕೆ ಮಡಚ್ತಾ ಹೇಳಿದ್ರು: "ಹುಡ್ಗ ಚೆನ್ನಾಗವ್ನೆ. ಆದ್ರೂ ಆವಾಗ ನೋಡ್ತಿದ್ವಲ್ಲ, ಅದೇ ಚೆಂದಿತ್ತು ಕಣ." ದೇಶಕ್ಕೆಲ್ಲ ಅಸಲು ಯಾವುದೋ ಅದು ಅವರಿಗೆ ಎರಡನೇದು.

ಇದನ್ನ ಕೇಳಿ ಶಂಕರ್ ಅಭಿಮಾನಿಗಳು ಬೇಜಾರು ಮಾಡ್ಕೋಬೇಡಿ. ಯಾವುದು ಮೇಲು ಅಂತ ತೂಕ ಹಾಕ್ತಾ ಇಲ್ಲ. 39 ಕಂತು ಇಲ್ಲದಿದ್ರೆ ಆ 15 ಇರ್ತಾನೇ ಇರ್ಲಿಲ್ಲ. ನಾನು ಹೇಳ್ತಿರೋದು ಇಷ್ಟೇ: ಕೊನೇ ಸೀಸನ್ ಚೆನ್ನಾಗಿಲ್ಲ ಅನ್ನೋ ತೀರ್ಪು ಕೊಟ್ಟವರು ಮೊದಲು ಸಿಗ್ನಲ್ ಸಿಕ್ಕವರು. ತಡವಾಗಿ ಬಂದವರನ್ನ ಯಾರೂ ಕೇಳಲಿಲ್ಲ. ತಡ ಆಗಿದ್ದು ನೋಡುವವರಲ್ಲ, ಗೋಪುರ, ತಂತಿ, ಭಾಷೆ. ಹಾಗಿದ್ದಾಗ "ನೀವಿನ್ನೂ ನೋಡಿಲ್ವಾ?" ಅಂತ ಹುಬ್ಬೇರಿಸೋ ಮುಂಚೆ, ಅವರ ಮನೆ ಯಾವ ಗುಡ್ಡದ ಹಿಂದೆ ಇತ್ತು ಅಂತ ಕೇಳೋದು ಒಳ್ಳೇದು.

ಅರಸಾಳಿನ ಹಳೇ ಸ್ಟೇಷನ್ ಕಟ್ಟಡ ಈಗ ಮಾಲ್ಗುಡಿ ವಸ್ತು ಸಂಗ್ರಹಾಲಯ. ಧಾರಾವಾಹಿಯ ಕಲಾ ನಿರ್ದೇಶಕ ಜಾನ್ ದೇವರಾಜ್ ಅವರೇ ಅದನ್ನ ರೂಪಿಸಿದ್ದಾರೆ. ಶಿವಮೊಗ್ಗ-ತಾಳಗುಪ್ಪ ಮಾರ್ಗದಲ್ಲಿ ಹೋದ್ರೆ ಇಳಿದು ನೋಡಿ. ಹಾಗೇ ಹುಡುಕಿ ಆ ಕೊನೇ 15 ಕಂತನ್ನೂ ನೋಡಿ, ಹೋಲಿಸದೆ ನೋಡಿ.

ನಿಮ್ಮ ಕಣಿವೆಗೆ ತಡವಾಗಿ ಬಂದು, ಆದ್ರೂ ನಿಮ್ಮದೇ ಆಗಿಹೋದ ಧಾರಾವಾಹಿ, ಸಿನಿಮಾ, ಹಾಡು ಯಾವುದು? ಬರೆದು ಕಳಿಸಿ, ಆಡಿಯೋ ಕಳಿಸಿದ್ರೆ ಇನ್ನೂ ಖುಷಿ. ಮುಂದಿನ ಸಂಚಿಕೆಯಲ್ಲಿ ಒಂದಿಷ್ಟನ್ನ ಕೇಳಿಸ್ತೀನಿ.