ತಪ್ಪು ತಾಯಿಯದಲ್ಲ: ಒಂದು ಪ್ರಶ್ನೆ ಬದಲಾದ ಕಥೆ

ಇವತ್ತಿನ ಸಂಚಿಕೆ ನಮ್ಮ ಮನೆಯಿಂದಲೇ ಶುರು ಮಾಡ್ತೀನಿ.

ನನ್ನ ತಮ್ಮನಿಗೆ ನಾಲ್ಕು ವರ್ಷ ತುಂಬಿದ್ರೂ ಮಾತು ಬಂದಿರಲಿಲ್ಲ. ತಿರುಗೋ ಫ್ಯಾನ್ ನೋಡ್ತಾ ಗಂಟೆಗಟ್ಟಲೆ ಕೂರ್ತಿದ್ದ. ಮನೆಗೆ ಬಂದ ನೆಂಟರೊಬ್ಬರು ಅಮ್ಮನಿಗೆ, "ನೀನು ಕೆಲಸಕ್ಕೆ ಹೋಗ್ತೀಯ, ಮಗು ಜೊತೆ ಮಾತಾಡೋರು ಯಾರು? ಅದಕ್ಕೇ ಹೀಗಾಗಿದೆ" ಅಂದುಬಿಟ್ಟರು. ಅಮ್ಮ ಅವತ್ತು ಊಟ ಮಾಡಲಿಲ್ಲ.

ಇವತ್ತು ನಾನು ನರವಿಜ್ಞಾನದಲ್ಲಿ ಪಿಎಚ್‌ಡಿ ಮಾಡ್ತಿದ್ದೀನಿ. ಕೆಲವು ಮಕ್ಕಳ ಮಿದುಳು ಬೇರೆ ಥರ ಬೆಳೆಯೋದು ಹೇಗೆ ಅನ್ನೋದೇ ನನ್ನ ವಿಷಯ. ಹಳೇದನ್ನೆಲ್ಲ ಓದ್ತಾ ಹೋದಾಗ ಗೊತ್ತಾಯ್ತು: ಆ ನೆಂಟರ ಮಾತನ್ನ ಒಂದು ಕಾಲದಲ್ಲಿ ದೊಡ್ಡ ದೊಡ್ಡ ತಜ್ಞರೇ ಹೇಳ್ತಿದ್ರು!

1943ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದರು. ಆಟಿಸಂ ಕಡೆ ವೈದ್ಯಲೋಕದ ಕಣ್ಣು ತಿರುಗಿಸಿದ ಬರಹ ಅದು. ಇದು ಹುಟ್ಟಿನಿಂದಲೇ ಬಂದದ್ದು ಅಂತ ಅದರಲ್ಲಿ ಹೇಳಿದ್ದರು. ಜೊತೆಗೆ, ಈ ಮಕ್ಕಳ ಹೆತ್ತವರಲ್ಲಿ ಅಕ್ಕರೆ ಇರೋರು ಕಮ್ಮಿ ಅಂತಲೂ ಬರೆದರು. ಜನ ಹಿಡಿದುಕೊಂಡದ್ದು ಈ ಎರಡನೇ ಮಾತನ್ನ. ತಣ್ಣಗಿನ ಮನಸ್ಸಿನ 'ರೆಫ್ರಿಜರೇಟರ್ ತಾಯಿ' ಅನ್ನೋ ಹಣೆಪಟ್ಟಿ ಹುಟ್ಟಿತು. 1967ರಲ್ಲಿ ಬಂದ ಬ್ರೂನೋ ಬೆಟಲ್‌ಹೈಮ್ ಅವರ ಪುಸ್ತಕ ಅದನ್ನ ಇನ್ನಷ್ಟು ಗಟ್ಟಿಮಾಡಿತು.

ಅದೇ ಹೊತ್ತಿಗೆ ಲಂಡನ್‌ನ ಇನ್‌ಸ್ಟಿಟ್ಯೂಟ್ ಆಫ್ ಸೈಕಿಯಾಟ್ರಿಯಲ್ಲಿ, ಜರ್ಮನಿಯಿಂದ ಬಂದ ಯುವತಿಯೊಬ್ಬರು ಆಟಿಸಂ ಇರೋ ಮಕ್ಕಳ ಮೇಲೆ ಪಿಎಚ್‌ಡಿ ಮಾಡ್ತಿದ್ರು. ಉಟಾ ಫ್ರಿತ್ ಅಂತ. ಅವರ ಗೈಡ್‌ಗಳು ಬೀಟೆ ಹರ್ಮೆಲಿನ್ ಮತ್ತು ನೀಲ್ ಓಕಾನರ್. ತಾಯಿ ಏನು ತಪ್ಪು ಮಾಡಿದಳು ಅನ್ನೋದು ಇವರ ಪ್ರಶ್ನೆಯಾಗಿರಲಿಲ್ಲ. ಈ ಮಗುವಿನ ಮನಸ್ಸು ಮಾತನ್ನ ಹೇಗೆ ಹಿಡಿದಿಟ್ಟುಕೊಳ್ಳುತ್ತೆ ಅಂತ ಕೇಳಿದರು.

ಪ್ರಯೋಗ ಸರಳ. ನಮ್ಮ ಮಾತಲ್ಲಿ ಹೇಳೋದಾದರೆ, "ಬೆಕ್ಕು ಹಾಲು ಕುಡೀತು" ಅನ್ನೋ ವಾಕ್ಯ "ಕುರ್ಚಿ ಮಳೆ ಚಮಚ" ಅನ್ನೋದಕ್ಕಿಂತ ಸುಲಭವಾಗಿ ನೆನಪಿರುತ್ತೆ, ಅಲ್ವಾ? ಅರ್ಥ ನಮಗೆ ಆಸರೆ. ಆಟಿಸಂ ಇರೋ ಮಕ್ಕಳಿಗೆ ಆ ಆಸರೆ ಅಷ್ಟಾಗಿ ಸಿಗ್ತಿರಲಿಲ್ಲ. ಆದರೆ ಬಿಡಿ ಪದಗಳನ್ನ ಚೆನ್ನಾಗೇ ಒಪ್ಪಿಸ್ತಿದ್ರು. ಅಂದರೆ ಮನಸ್ಸು ಖಾಲಿ ಇರಲಿಲ್ಲ, ಕೆಲಸ ಮಾಡೋ ರೀತಿ ಬೇರೆ ಇತ್ತು. ಫ್ರಿತ್ ಅವರಿಗೆ 1968ರಲ್ಲಿ ಡಾಕ್ಟರೇಟ್ ಸಿಕ್ಕಿತು.

1977ರಲ್ಲಿ ಅದೇ ಸಂಸ್ಥೆಯಿಂದ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕಲ್ ರಟರ್ 21 ಅವಳಿ ಜೋಡಿಗಳ ಅಧ್ಯಯನ ಪ್ರಕಟಿಸಿದರು. ಪ್ರತಿ ಜೋಡಿಯಲ್ಲೂ ಒಬ್ಬರಿಗಾದರೂ ಆಟಿಸಂ ಇತ್ತು. ತದ್ರೂಪಿ ಅವಳಿಗಳು 11 ಜೋಡಿ. ಅದರಲ್ಲಿ 4 ಜೋಡಿಯಲ್ಲಿ ಇಬ್ಬರಿಗೂ ಆಟಿಸಂ. ತದ್ರೂಪಿಯಲ್ಲದ 10 ಜೋಡಿಯಲ್ಲಿ? ಒಂದರಲ್ಲೂ ಇಲ್ಲ. ಸ್ವಲ್ಪ ಯೋಚನೆ ಮಾಡಿ. ಎರಡೂ ಥರದ ಅವಳಿಗಳು ಬೆಳೆದದ್ದು ಒಂದೇ ತಾಯಿಯ ಮಡಿಲಲ್ಲಿ. ತಾಯಿಯೇ ಕಾರಣವಾಗಿದ್ರೆ ಈ ವ್ಯತ್ಯಾಸ ಯಾಕೆ? ಚಿಕ್ಕ ಅಧ್ಯಯನ, ನಿಜ. ಆದರೆ ಜೀನ್‌ಗಳ ಪಾತ್ರ ದೊಡ್ಡದು ಅಂತ ಆಮೇಲಿನ ದೊಡ್ಡ ಅಧ್ಯಯನಗಳೂ ತೋರಿಸಿದವು.

ಹೋದ ದೀಪಾವಳಿಗೆ ಊರಿಗೆ ಹೋದಾಗ ಈ ಲೆಕ್ಕವನ್ನ ಅಮ್ಮನಿಗೆ ಹಾಳೆ ಮೇಲೆ ಬರೆದು ತೋರಿಸಿದೆ. ತುಂಬಾ ಹೊತ್ತು ನೋಡಿದಳು. ಆಮೇಲೆ ಕೇಳಿದಳು: "ಇಷ್ಟು ಹಿಂದೆಯೇ ಗೊತ್ತಿತ್ತಾ? ಮತ್ತೆ ನಂಗ್ಯಾಕೆ ಯಾರೂ ಹೇಳಲಿಲ್ಲ?"

ಅದಕ್ಕೇ ಈ ಸಂಚಿಕೆ. ನಿಮ್ಮ ಬೀದಿಯಲ್ಲೂ ಅಂಥ ಒಬ್ಬ ಅಮ್ಮ ಇರಬಹುದು. ಅವರಿಗೂ ಕೇಳಿಸಿ. ಮತ್ತೆ ಸಿಗೋಣ.