ಸೇನಾ ಕಮಾಂಡ್ ಸಂಬಂಧ: ಗಣಕಯಂತ್ರಕ್ಕೆ ತಿಳಿಯುವ ವ್ಯಾಖ್ಯೆ

ಒಬ್ಬ ಸೇನಾಧಿಕಾರಿಗೆ ಒಂದು ಪಡೆಯ ಮೇಲೆ ಯಾವ ಬಗೆಯ ಅಧಿಕಾರವಿದೆ, ಅದು ಯಾವ ಕಾರ್ಯಕ್ಕೆ ಮತ್ತು ಎಷ್ಟು ಕಾಲಕ್ಕೆ ಸೀಮಿತ ಎಂಬುದನ್ನು ನಿರ್ಧರಿಸುವ ಕಟ್ಟುಪಾಡಿಗೆ ಕಮಾಂಡ್ ಸಂಬಂಧ ಎನ್ನುತ್ತಾರೆ. ಆದೇಶಗಳು ಗಣಕಜಾಲದ ಮೂಲಕ ಸಾಗುವ ಈ ಕಾಲದಲ್ಲಿ ಅದನ್ನು ಯಂತ್ರವೂ ಸಂದೇಹವಿಲ್ಲದೆ ಗ್ರಹಿಸುವಂತೆ ನಿರೂಪಿಸಬೇಕಾಗುತ್ತದೆ.

'ಅಧೀನ' ಎಂಬ ಪದವೊಂದೇ ಇದಕ್ಕೆ ಸಾಲದು ಎಂಬುದಕ್ಕೆ ಮಾಗಡಿ ತಾಲ್ಲೂಕಿನ ಸಾವನದುರ್ಗದ ಇತಿಹಾಸವೇ ನಿದರ್ಶನ. ಟಿಪ್ಪು ಸುಲ್ತಾನನ ವಶದಲ್ಲಿದ್ದ ಈ ದುರ್ಗವನ್ನು ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಡಿಸೆಂಬರ್ 21ರಂದು ಬ್ರಿಟಿಷರು ಗೆದ್ದರು. ಮುತ್ತಿಗೆ ನಡೆಸಿದ ಜೇಮ್ಸ್ ಸ್ಟುವರ್ಟ್ ನೇರವಾಗಿ ಕಾರ್ನ್‌ವಾಲಿಸನ ಆಜ್ಞೆಗೆ ಒಳಪಟ್ಟವನು. ಆದರೆ ಮಿತ್ರಪಕ್ಷದ ಮರಾಠಾ ಸರದಾರ ಪರಶುರಾಮ ಭಾವು ಕೇವಲ ಸಹಯೋಗಿ. ಡಿಸೆಂಬರ್ 29ರಂದು ಆತನ ಸೇನೆ ದೂರದ ಶಿವಮೊಗ್ಗದ ಬಳಿ ಯುದ್ಧದಲ್ಲಿ ತೊಡಗಿತ್ತು. 1792ರ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಮೇಲೆ ದಾಳಿ ಮಾಡಿದಾಗಲೂ ಭಾವು ಅಲ್ಲಿಗೆ ಬಂದಿರಲಿಲ್ಲ. ಶಿವಮೊಗ್ಗದಲ್ಲಿ ಹೋರಾಡಿದ ಕ್ಯಾಪ್ಟನ್ ಲಿಟ್ಲ್‌ನ ತುಕಡಿಯಾದರೋ ಕಂಪನಿಯದು, ಭಾವುವಿನ ಸೇನೆಯೊಡನೆ ನಿಯೋಜಿತವಾದದ್ದು. ಈ ಮೂರು ಸಂಬಂಧಗಳನ್ನು ನಕ್ಷೆಯಲ್ಲಿ ಒಂದೇ ಬಗೆಯ ಗೆರೆಯಿಂದ ತೋರಿಸಿದರೆ, ಪಾಲನೆಯಾಗದ ಆದೇಶವನ್ನು ಗಣಕವು ಪಾಲನೆಯಾಗುವುದೆಂದೇ ಎಣಿಸುತ್ತದೆ.

ನ್ಯಾಟೊ ಒಕ್ಕೂಟದ ಪರಿಭಾಷೆ ಇಲ್ಲಿ ಅಂತರಗಳನ್ನು ಗುರುತಿಸುತ್ತದೆ. ಪೂರ್ಣ ಕಮಾಂಡ್ ಎಂಬುದು ಕಾರ್ಯಾಚರಣೆ, ಆಡಳಿತ ಎರಡನ್ನೂ ಒಳಗೊಂಡಿದ್ದು, ಆಯಾ ರಾಷ್ಟ್ರದ ಸೇನೆಯೊಳಗೆ ಮಾತ್ರ ಇರುತ್ತದೆ. ಕಾರ್ಯಾಚರಣಾ ನಿಯಂತ್ರಣ ನಿರ್ದಿಷ್ಟ ಕಾರ್ಯಕ್ಕೆ ಸೀಮಿತ. ಆಡಳಿತ ಮತ್ತು ಸರಬರಾಜಿನ ಹೊಣೆ ಅದರಲ್ಲಿ ಸೇರುವುದಿಲ್ಲ. ಯುದ್ಧತಾಂತ್ರಿಕ ನಿಯಂತ್ರಣವು ಸ್ಥಳೀಯ ಚಲನವಲನಗಳಿಗೆ ಸಂಬಂಧಿಸಿದ್ದು.

ಇವುಗಳನ್ನು ತಂತ್ರಾಂಶಕ್ಕೆ ಅಳವಡಿಸುವಾಗ ಅಧಿಕಾರ ಉಳ್ಳವರು, ಒಳಪಟ್ಟವರು, ಸಂಬಂಧದ ಬಗೆ, ಕಾರ್ಯ ಹಾಗೂ ಅವಧಿಯನ್ನು ಪ್ರತ್ಯೇಕವಾಗಿ ದಾಖಲಿಸಬೇಕು. ಜೊತೆಗೆ ನಿಯಮಗಳೂ ಬೇಕು: ಒಂದು ಪಡೆಗೆ ಏಕಕಾಲದಲ್ಲಿ ಇಬ್ಬರ ಪೂರ್ಣ ಕಮಾಂಡ್ ಇರಕೂಡದು, ತನಗಿಲ್ಲದ ಅಧಿಕಾರವನ್ನು ಯಾರೂ ಇನ್ನೊಬ್ಬರಿಗೆ ವಹಿಸಲಾಗದು, ಅಧೀನತೆಯ ಸರಪಳಿ ಸುತ್ತಿ ಬಂದು ಮೊದಲಿನವರನ್ನೇ ಸೇರಕೂಡದು.

ಭಾರತದಲ್ಲಿ ಇಂತಹ ವ್ಯವಸ್ಥೆಗಳ ಪ್ರಮುಖ ನೆಲೆ ಬೆಂಗಳೂರು. ಡಿಆರ್‌ಡಿಒ ಅಂಗವಾದ ಕೃತಕ ಬುದ್ಧಿಮತ್ತೆ ಮತ್ತು ರೋಬೋಟಿಕ್ಸ್ ಕೇಂದ್ರ 1986ರಲ್ಲಿ ಇಲ್ಲಿ ಆರಂಭವಾಯಿತು. ಭೂಸೇನೆಯ ವಾಯುರಕ್ಷಣಾ ವ್ಯವಸ್ಥೆ 'ಆಕಾಶತೀರ್'ಗಾಗಿ 2023ರ ಮಾರ್ಚ್‌ನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೊಂದಿಗೆ 1,982 ಕೋಟಿ ರೂಪಾಯಿಗಳ ಒಪ್ಪಂದವಾಯಿತು. ವಾಯುಪಡೆಯ ಜಾಲದೊಡನೆ ಅದು ಬೆಸೆದಾಗ, ಆಗಸದಲ್ಲಿ ಕಂಡ ವಿಮಾನ ಶತ್ರುವಿನದೋ ಸ್ವಪಕ್ಷದ್ದೋ, ಗುಂಡು ಹಾರಿಸಲು ಅನುಮತಿಸುವವರು ಯಾರು ಎಂಬುದು ಕ್ಷಣಗಳಲ್ಲಿ ಇತ್ಯರ್ಥವಾಗಬೇಕು. ಅಲ್ಲಿನ ಗೊಂದಲಕ್ಕೆ ಜೀವಗಳೇ ಬೆಲೆ.

ಕಾನೂನಿನ ತಳಹದಿಯೂ ಇದಕ್ಕೆ ಅಗತ್ಯ. ಹಿಂದೆ ಜಂಟಿ ಸಂಸ್ಥೆಯ ಮುಖ್ಯಸ್ಥರು ಇತರ ಸೇನೆಗೆ ಸೇರಿದ ಸಿಬ್ಬಂದಿಯ ಮೇಲೆ ಶಿಸ್ತುಕ್ರಮ ಜರುಗಿಸಲು ಅವರನ್ನು ಮಾತೃಸೇನೆಗೆ ಮರಳಿಸಬೇಕಿತ್ತು. 2023ರಲ್ಲಿ ಅಂಗೀಕೃತವಾಗಿ 2024ರ ಮೇ 10ರಿಂದ ಜಾರಿಗೆ ಬಂದ ಅಂತರ್‌ಸೇವಾ ಸಂಸ್ಥೆಗಳ ಕಾಯಿದೆ ಆ ಅಧಿಕಾರವನ್ನು ಮುಖ್ಯಸ್ಥರಿಗೇ ನೀಡಿದೆ. ಸಿಬ್ಬಂದಿಗೆ ಆಯಾ ಸೇನೆಯ ಕಾಯಿದೆಯೇ ಅನ್ವಯಿಸುತ್ತದೆ. ಕಾನೂನು ಸ್ಪಷ್ಟಪಡಿಸದ ಅಧಿಕಾರವನ್ನು ತಂತ್ರಾಂಶ ತಾನಾಗಿ ಸ್ಪಷ್ಟಪಡಿಸಲಾರದು.